ಇಬ್ಬರು ಎಸ್. ಚಂದ್ರಶೇಖರ್: ನೊಬೆಲ್ ಯಾರದ್ದು?

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಚಂದ್ರಶೇಖರ್ ಅವರಿಗೇ ನೊಬೆಲ್ ಬಂದದ್ದಾ ಎಂದು ಕೇಳಿದ್ದೀರಿ. ಅಲ್ಲ, ಅವರು ಬೇರೆ. 1983ರ ನೊಬೆಲ್ ಸುಬ್ರಹ್ಮಣ್ಯನ್ ಚಂದ್ರಶೇಖರ್ (1910–1995) ಅವರದ್ದು: ಶಿಕಾಗೋ, ನಕ್ಷತ್ರಗಳ ಭೌತವಿಜ್ಞಾನ. ಬೆಂಗಳೂರಿನವರು ಶಿವರಾಮಕೃಷ್ಣ ಚಂದ್ರಶೇಖರ್ (1930–2004). ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಕಲಿಸಿ, 1971ರಲ್ಲಿ ಸಂಸ್ಥೆಗೆ ಬಂದು ದ್ರವಸ್ಫಟಿಕಗಳ (ದ್ರವದಂತೆ ಹರಿದರೂ ಅಣುಗಳು ಸ್ಫಟಿಕದಂತೆ ಒಂದು ಕ್ರಮದಲ್ಲಿ ಜೋಡಣೆಯಾಗಿರುವ ವಸ್ತುಗಳು) ಪ್ರಯೋಗಾಲಯ ಕಟ್ಟಿದರು. ಅಲ್ಲಿಯವರೆಗೆ ತಿಳಿದಿದ್ದ ದ್ರವಸ್ಫಟಿಕಗಳ ಅಣುಗಳು ಸಾಮಾನ್ಯವಾಗಿ ಕಡ್ಡಿಯಂತೆ ಉದ್ದ. ಬಿಲ್ಲೆಯಾಕಾರದ ಅಣುಗಳೂ ಹಾಗೆ ಜೋಡಣೆಯಾಗುತ್ತವೆ ಎಂದು 1977ರಲ್ಲಿ ಸದಾಶಿವ, ಸುರೇಶ್ ಅವರೊಂದಿಗೆ 'ಪ್ರಮಾಣ' ಎಂಬ ಭೌತವಿಜ್ಞಾನ ಪತ್ರಿಕೆಯಲ್ಲಿ ತೋರಿಸಿದರು. ನನ್ನ ಲೆಕ್ಕದಲ್ಲಿ ಇದೂ ನೊಬೆಲ್ ತೂಕದ ಕೆಲಸವೇ.

ಗೊಂದಲ ಸಹಜ. ಇಬ್ಬರೂ ಸಿ.ವಿ. ರಾಮನ್ ಅವರ ಸಂಬಂಧಿಗಳು: ಸುಬ್ರಹ್ಮಣ್ಯನ್ ಅಣ್ಣನ ಮಗ, ಶಿವರಾಮಕೃಷ್ಣ ಸೋದರಳಿಯ. ಇಬ್ಬರಿಗೂ ಬ್ರಿಟನ್ನಿನ ವಿಜ್ಞಾನ ಸಂಸ್ಥೆ ರಾಯಲ್ ಸೊಸೈಟಿಯ ರಾಯಲ್ ಮೆಡಲ್ ಬಂದಿದೆ (1962, 1994). ಸಾಲದ್ದಕ್ಕೆ, ಶಿವರಾಮಕೃಷ್ಣ ಅವರು ರಾಯಲ್ ಸೊಸೈಟಿಯ ಫೆಲೋ ಆದದ್ದೂ 1983ರಲ್ಲೇ!

ಹಳೆಯ ಲೇಖನಗಳಲ್ಲಿ ಬರೀ 'ಎಸ್.' ಇದ್ದರೆ ಹೆಸರು ನಂಬಬೇಡಿ, ಅದರ ಕೆಳಗಿನ ವಿಳಾಸ ನೋಡಿ. ಯರ್ಕೀಸ್ (ಶಿಕಾಗೋ ವಿಶ್ವವಿದ್ಯಾಲಯದ ವೀಕ್ಷಣಾಲಯವಾಗಿತ್ತು) ಅಥವಾ ಶಿಕಾಗೋ ಎಂದಿದ್ದರೆ ನೊಬೆಲ್‌ನವರು. ಮೈಸೂರು, ಬೆಂಗಳೂರು ಎಂದಿದ್ದರೆ ಶಿವರಾಮಕೃಷ್ಣ. ಜನಸಂಖ್ಯೆಯ ಪುಸ್ತಕ ಸಿಕ್ಕರೆ ಅದು ಮೂರನೆಯ ಎಸ್. ಚಂದ್ರಶೇಖರ್, 1967ರಲ್ಲಿ ಕೇಂದ್ರ ಸಚಿವರಾದ ಶ್ರೀಪತಿ.