ಮಳೆ ಬಂದ ರಾತ್ರಿಯೇ ಸೊಂಟನೋವು ಯಾಕೆ?

ಪ್ರಶ್ನೆ: ನಮ್ಮನೆಯವರು ಲಾರಿ ಡ್ರೈವರ್. ಮೂರು ವರ್ಷದ ಹಿಂದೆ ಶಿರಾಡಿ ಘಾಟಿಯಲ್ಲಿ ಜೋರು ಮಳೆಗೆ ಲಾರಿ ಪಲ್ಟಿಯಾಗಿ, ಕ್ಲೀನರ್ ಹುಡುಗ ಇವರ ಕಣ್ಣೆದುರೇ ತೀರಿಕೊಂಡ. ಅಂದಿನಿಂದ ಇವರಿಗೆ ಸೊಂಟನೋವು, ಜೊತೆಗೆ ಕುಡಿತ. ಚಿಕಿತ್ಸೆ ಕೊಡಿಸಿದ ಮೇಲೆ ಐದು ತಿಂಗಳಿಂದ ಕುಡಿದಿಲ್ಲ. ಆದರೆ ನೋವಿಗೆ ನುಂಗುವ ಟ್ರಮಡಾಲ್ ಮಾತ್ರೆ ದಿನಕ್ಕೆ ಆರಕ್ಕೆ ಬಂದಿದೆ. ತಗಡಿನ ಮೇಲೆ ಮಳೆ ಹನಿ ಬಿದ್ದರೆ ಸಾಕು, ಮಂಚದ ಪಟ್ಟಿ ಹಿಡಿದು ಕೂತುಬಿಡುತ್ತಾರೆ. ಅತ್ತೆ 'ನೋವೆಲ್ಲ ನೆಪ' ಅನ್ನುತ್ತಾರೆ. ಮಾತ್ರೆ ಎಸೆದುಬಿಡಲೇ?

ಉತ್ತರ: ಎಸೆಯಬೇಡಿ. ದಿನಾ ಇಷ್ಟು ಟ್ರಮಡಾಲ್ ನುಂಗುವವರು ಒಮ್ಮೆಲೇ ನಿಲ್ಲಿಸಿದರೆ ಬೆವರು, ಭೇದಿ, ಮೈಕೈ ನೋವು, ನಿದ್ದೆ ಇಲ್ಲ. ಆ ಸಂಕಟದಲ್ಲಿ ಮತ್ತೆ ಬಾಟಲಿ ನೆನಪಾಗುತ್ತದೆ. ಹಾಗಂತ ಹೀಗೇ ಬಿಡುವಂತೆಯೂ ಇಲ್ಲ, ಜಾಸ್ತಿಯಾದರೆ ಫಿಟ್ಸ್ ಬರಬಹುದು. ಡಾಕ್ಟರ್ ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. 2018ರಿಂದ ಈ ಮಾತ್ರೆ ಮಾದಕ ವಸ್ತುಗಳ ಕಾಯ್ದೆಯಡಿ ಇದೆ. ಚೀಟಿ ಕೇಳದೆ ಕೊಡುವ ಮೆಡಿಕಲ್ ಶಾಪಿನವರಿಗೆ ಇದು ಗೊತ್ತಿಲ್ಲದ್ದೇನಲ್ಲ!

ಇನ್ನು ನೆಪದ ಮಾತು. ಮಂಚದ ಪಟ್ಟಿ ಹಿಡಿಯುತ್ತಾರೆ ಅಂದಿರಲ್ಲ, ಆಗ ಅವರ ಬೆನ್ನು ಮುಟ್ಟಿ ನೋಡಿ. ಹಲಗೆಯಂತೆ ಬಿಗಿದಿರುತ್ತದೆ. ಹೆದರಿಕೆಗೆ ಮೈ ಬಿಗಿಯುತ್ತದೆ, ಬಿಗಿದ ಸೊಂಟ ನೋಯುತ್ತದೆ, ಆ ನೋವೇ ಮತ್ತೆ ಘಾಟಿಯನ್ನು ನೆನಪಿಸುತ್ತದೆ. ಕುಡಿತ ಇವೆರಡನ್ನೂ ಒಂದಷ್ಟು ಹೊತ್ತು ಮರೆಸುತ್ತಿತ್ತು. ಈಗ ಆ ಕೆಲಸ ಮಾತ್ರೆಗೆ ಬಿದ್ದಿದೆ, ಅಷ್ಟೇ. ಇಂಥ ಮಾತ್ರೆ ಬಹಳ ದಿನ ತಿಂದರೆ ಕೆಲವರಿಗೆ ನೋವೇ ಹೆಚ್ಚುತ್ತದೆ ಅನ್ನುವುದು ಬೇರೆ ತಲೆನೋವು.

ಕುಡಿತ ಬಿಡಿಸಿದ ಡಾಕ್ಟರ ಹತ್ತಿರವೇ ಹೋಗಿ, ಖಾಲಿ ಸ್ಟ್ರಿಪ್‌ಗಳನ್ನೂ ಒಯ್ಯಿರಿ. ಬೈಗುಳಕ್ಕೆ ಹೆದರಿ ಲೆಕ್ಕ ಕಡಿಮೆ ಹೇಳಬೇಡಿ. ಕುಡಿಯುವ ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್ ಕೊಟ್ಟಿದ್ದರೆ ಅದಕ್ಕೂ ಟ್ರಮಡಾಲ್‌ಗೂ ಆಗಿಬರುವುದಿಲ್ಲ. ಅಪಘಾತದ ವಿಷಯವನ್ನೂ ಹೇಳಿ. ಎಷ್ಟೋ ಮನೆಯವರು ಕುಡಿತದ ಕಥೆ ಪೂರ್ತಿ ಹೇಳಿ, ಇದೊಂದನ್ನು ಬಿಟ್ಟುಬಿಡುತ್ತಾರೆ. ಆಘಾತಕ್ಕೆ ಮಾತಿನ ಚಿಕಿತ್ಸೆ, ಸೊಂಟಕ್ಕೆ ಫಿಸಿಯೋಥೆರಪಿ, ಚಟಕ್ಕೆ ಔಷಧಿ, ಮೂರೂ ಒಟ್ಟಿಗೆ ನಡೆಯಲಿ. ಒಂದು ಪೂರ್ತಿ ಗುಣವಾಗಲಿ ಎಂದು ಇನ್ನೊಂದನ್ನು ಕಾಯಿಸಬೇಡಿ. ಎಲ್ಲಿಗೆ ಹೋಗಬೇಕೋ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮಳೆ ಬಂದ ರಾತ್ರಿ 'ಏನೂ ಆಗಿಲ್ಲ, ಸುಮ್ನೆ ಮಲಗಿ' ಅನ್ನಬೇಡಿ. ಲೈಟ್ ಹಾಕಿ, ಸೊಂಟಕ್ಕೆ ಬಿಸಿನೀರಿನ ಚೀಲ ಕೊಟ್ಟು ಪಕ್ಕದಲ್ಲಿ ಕೂತಿರಿ. ಆ ಹುಡುಗನ ಮಾತು ನೀವಾಗಿ ಕೆದಕುವುದು ಬೇಡ. ಅವರೇ ಎತ್ತಿದರೆ, ದಯವಿಟ್ಟು ಮಾತು ಬದಲಿಸಬೇಡಿ.