ಬಣ್ಣವಿಲ್ಲದ ಕಿಟಕಿಗಳ ಬಗ್ಗೆ ಒಂದು ಜಗಳ

ಫ್ರಾನ್ಸಿನ ಕೋಂಕ್ ಊರಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ: ‘ಒಂಬೈನೂರು ವರ್ಷದ ಮಠದ ಚರ್ಚಿಗೆ ಬಚ್ಚಲುಮನೆಗೆ ಹಾಕುವಂಥ ಮಬ್ಬು ಗಾಜು! ಹಳೆಯ ಬಣ್ಣದ ಗಾಜು ಕಿತ್ತದ್ದನ್ನು ನಿಮ್ಮ ಲೇಖಕರು ಹೊಗಳುತ್ತಾರೆ ಬೇರೆ. ಮತ್ತೆ, ಸಂತ ಫ್ವಾಳ ಮೂಳೆಗಳನ್ನು ಅಲ್ಲಿಗೆ ತರಲಾಯಿತು ಅಂದಿದ್ದೀರಿ. ತಂದದ್ದೋ, ಕದ್ದದ್ದೋ?’

ಕದ್ದದ್ದೇ ಸಾರ್. ಆ ಪದ ಮೆತ್ತಗೆ ಮಾಡಿದ್ದು ನಾನು, ಲೇಖಕರಲ್ಲ. ಹೆಸರಾಂತ ಸಂತರ ಅವಶೇಷ ಇಲ್ಲದ ಮಠಕ್ಕೆ ಯಾತ್ರಿಕರು ಯಾಕೆ ಬರುತ್ತಾರೆ? ಅದಕ್ಕೇ ಕೋಂಕ್‌ನ ಸನ್ಯಾಸಿಯೊಬ್ಬ, ಕ್ರೈಸ್ತ ನಂಬಿಕೆಗಾಗಿ ಪ್ರಾಣ ಬಿಟ್ಟ ಹುಡುಗಿ ಫ್ವಾಳ ಮೂಳೆಗಳಿದ್ದ ಅಜೆನ್ ಪಟ್ಟಣಕ್ಕೆ ಹೋಗಿ, ಅಲ್ಲಿನವರ ನಂಬಿಕೆ ಗಳಿಸಿ, ಸುಮಾರು 866ರಲ್ಲಿ ಮೂಳೆಗಳನ್ನು ಎತ್ತಿಕೊಂಡು ಬಂದ. ಈ ಕಥೆಯನ್ನು ಮುಚ್ಚಿಡುವುದಿರಲಿ, ಮಠದವರು ಹೆಮ್ಮೆಯಿಂದ ಬರೆದಿಟ್ಟರು. ಸಂತಳಿಗೇ ಬರಲು ಮನಸ್ಸಿತ್ತು ಅನ್ನುವುದು ಅವರ ವಾದ, ಕಳ್ಳನ ವಾದ ಹೀಗೇ ಇರುತ್ತದೆ ಅಲ್ವಾ? ಆದರೆ ಲೆಕ್ಕ ಸರಿಹೋಯಿತು. ಸ್ಪೇನಿನ ಸಾಂತಿಯಾಗೋಗೆ ಕ್ರೈಸ್ತರು ಹೋಗುವ ಯಾತ್ರೆಯ ದಾರಿಯಲ್ಲಿ ಕೋಂಕ್ ದೊಡ್ಡ ತಂಗುದಾಣವಾಯಿತು, 11ನೇ ಶತಮಾನದಲ್ಲಿ ಈಗಿನ ಚರ್ಚಿನ ಕೆಲಸ ಶುರುವಾಯಿತು.

ಮರದ ಮೇಲೆ ಚಿನ್ನದ ತಗಡು ಹೊದಿಸಿ ಹರಳು ಕೂರಿಸಿದ ಆಕೆಯ ಮೂರ್ತಿ ಇವತ್ತಿಗೂ ಅಲ್ಲಿದೆ. ಎತ್ತರ ಒಂದು ಮೀಟರೂ ಇಲ್ಲ. ಅದರ ತಲೆ ಮಾತ್ರ ಇನ್ನೂ ಹಳೆಯದು, ರೋಮನ್ನರ ಕೊನೆಗಾಲದ್ದು. 11ನೇ ಶತಮಾನದ ಆರಂಭದಲ್ಲಿ ಆಂಜೆಯ ಬರ್ನಾರ್ ಎಂಬ ಪಂಡಿತ ಬಂದು, ಇದೇನು ರೋಮನ್ನರ ದೇವರು ಜೂಪಿಟರ್ ವಿಗ್ರಹವಾ ಅಂತ ಮೊದಲು ನಕ್ಕ. ಆಮೇಲೆ ಅವನೇ ಕೂತು ಆಕೆಯ ಪವಾಡಗಳನ್ನು ಬರೆದ! ಸೆರೆಯಾಳುಗಳನ್ನು ಬಿಡಿಸುವುದು ಆಕೆಯ ದೊಡ್ಡ ಪವಾಡ. ಬಿಡುಗಡೆಯಾದವರು ತಮ್ಮ ಬೇಡಿಗಳನ್ನು ತಂದು ಚರ್ಚಿಗೆ ಒಪ್ಪಿಸುತ್ತಿದ್ದರು. ಪಶ್ಚಿಮದ ಬಾಗಿಲ ಮೇಲೆ ಕೊನೆಯ ತೀರ್ಪಿನ, ಅಂದರೆ ಲೋಕದ ಕೊನೆಗೆ ದೇವರು ಎಲ್ಲರಿಗೂ ಸ್ವರ್ಗ ನರಕ ತೀರ್ಮಾನಿಸುವ ಕೆತ್ತನೆ ಇದೆಯಲ್ಲ, ಅದರಲ್ಲೂ ಫ್ವಾ ದೇವರ ಕೈಯೆದುರು ಬಾಗಿದ್ದಾಳೆ, ಹಿಂದೆ ಕಮಾನಿಗೆ ಬೇಡಿಗಳು ನೇತಾಡುತ್ತಿವೆ. ಅದೇ ಕಲ್ಲಿನ ನರಕದ ಕಡೆ ಕುತ್ತಿಗೆಗೆ ಹಣದ ಚೀಲ ಕಟ್ಟಿಕೊಂಡ ಜಿಪುಣನನ್ನು ನೇಣು ಹಾಕಿದ್ದಾರೆ, ಸೊಕ್ಕಿನ ಸವಾರ ಕುದುರೆಯಿಂದ ತಲೆಕೆಳಗಾಗಿ ಬೀಳುತ್ತಿದ್ದಾನೆ, ಸನ್ಯಾಸಿಗಳು ಬಲೆಗೆ ಸಿಕ್ಕಿದ್ದಾರೆ. ಹೌದು, ಮಠದ ಬಾಗಿಲಲ್ಲೇ!

ಇನ್ನು ಗಾಜು. ಇಲ್ಲಿ ನಾನು ನಿಮ್ಮ ಮಾತು ಒಪ್ಪುವುದಿಲ್ಲ. ಕಿತ್ತ ಬಣ್ಣದ ಗಾಜು ಮಧ್ಯಯುಗದ್ದಲ್ಲ ಸಾರ್, 20ನೇ ಶತಮಾನದ ನಡುವೆ ಹಾಕಿದ್ದು. 1837ರಲ್ಲಿ ಲೇಖಕ, ಸರ್ಕಾರದ ಸ್ಮಾರಕಗಳ ತನಿಖಾಧಿಕಾರಿ ಪ್ರೋಸ್ಪೆರ್ ಮೆರಿಮೆ ಬಂದಾಗ ಇಡೀ ಚರ್ಚೇ ಬೀಳುವ ಹಾಗಿತ್ತು. ಈಗಿನ 104 ಕಿಟಕಿಗಳು ಪಿಯರ್ ಸೂಲಾಜ್ 1987ರಿಂದ 1994ರ ತನಕ ಮಾಡಿದ ಕೆಲಸ. ಜೀವನವಿಡೀ ಕಪ್ಪು ಬಣ್ಣ ಬಳಿದ ಈ ಕಲಾವಿದ ಹತ್ತಿರದ ರೊದೆಜ್‌ನವರು, ಹುಡುಗನಾಗಿದ್ದಾಗ ಈ ಚರ್ಚು ನೋಡಿಯೇ ಕಲೆಯ ಹಾದಿ ಹಿಡಿದವರು. ಅವರು ಬಣ್ಣ ಬೇಡ ಅಂದದ್ದು ಸುಮ್ನೆ ಅಲ್ಲ. ಅಲ್ಲಿನ ಕಲ್ಲಿಗೇ ಬಣ್ಣ ಇದೆ, ಕೆಂಪು, ಹಳದಿ, ಬೂದು. ಬಣ್ಣದ ಗಾಜಿನ ಬೆಳಕು ಬಿದ್ದರೆ ಅದೆಲ್ಲ ಕೆಡುತ್ತದೆ. ಹಾಗಾಗಿ ಹೊರಗಿನದು ಕಾಣದ, ಬೆಳಕನ್ನು ಮಾತ್ರ ಹರಡಿ ಒಳಗೆ ಬಿಡುವ ಗಾಜಿಗಾಗಿ ನೂರಾರು ಸಲ ಪ್ರಯೋಗ ಮಾಡಿದರು. ನೀವಂದ ಬಚ್ಚಲುಮನೆ ಗಾಜು ಅದೇ. ಬೆಳಗಿನ ಬಿಸಿಲಿಗೆ ಒಂಥರಾ, ಸಂಜೆಗೆ ಇನ್ನೊಂಥರಾ. ನಾವು ಹಾಕಿದ್ದು ಒಂದೇ ಫೋಟೋ, ಅದೂ ಅಂಗೈಯಗಲ. ನಿಮ್ಮ ಸಿಟ್ಟಿಗೆ ಅದೂ ಕಾರಣ ಇರಬೇಕು.

ಮುಂದಿನ ಸಂಚಿಕೆಯಲ್ಲಿ ಬಾಗಿಲಿನ ಕೆತ್ತನೆಯನ್ನು ಎರಡು ಪುಟದ ಅಗಲಕ್ಕೆ ಹಾಕುತ್ತೇವೆ. ಅಂಚಿನ ಕಲ್ಲುಪಟ್ಟಿಯನ್ನು ಜಾಸ್ತಿ ಹೊತ್ತು ನೋಡಿ. ಅದನ್ನು ಕಂಬಳಿಯ ಹಾಗೆ ಮೂಗಿನ ತನಕ ಎಳೆದುಕೊಂಡು ಕೆಲವು ಪುಟ್ಟ ಮುಖಗಳು ಇಣುಕುತ್ತಿವೆ.