ಆಸ್ತಿ ಯಾರದು, ಎಲ್ಲಿಯವರೆಗೆ ಯಾರದು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗಂಟಿನ ಸುತ್ತ ಇವೆ. ಒಂದೇ ಮನೆ, ಒಂದೇ ಜಮೀನು, ಆದರೆ ಇವತ್ತು ಅನುಭವಿಸುವವರು ಒಬ್ಬರು, ಮುಂದೆ ಪಡೆಯುವವರು ಇನ್ನೊಬ್ಬರು. ಖಾತೆಯಲ್ಲಿ ಯಾರ ಹೆಸರಿದೆ ಅಂತ ನೋಡಿ ಸುಮ್ಮನಾಗುವವರೇ ಜಾಸ್ತಿ. ಆ ಹಕ್ಕು ಎಲ್ಲಿಯವರೆಗೆ ಅನ್ನೋದನ್ನೂ ನೋಡಬೇಕು.

ಪ್ರಶ್ನೆ: ಅಪ್ಪ ತಾವೇ ದುಡಿದು ಕಟ್ಟಿಸಿದ ಮನೆ. ವಿಲ್‌ನಲ್ಲಿ ‘ನನ್ನ ಹೆಂಡತಿ ಬದುಕಿರುವವರೆಗೆ ಮನೆಯನ್ನು ಅನುಭವಿಸಿಕೊಂಡು ಬರತಕ್ಕದ್ದು, ಆಕೆಯ ನಂತರ ನನ್ನ ಇಬ್ಬರು ಗಂಡುಮಕ್ಕಳಿಗೆ ಸಮಪಾಲು’ ಅಂತ ನಮ್ಮಿಬ್ಬರ ಹೆಸರು ಬರೆದಿದ್ದಾರೆ. ಅಪ್ಪ ಹೋದ ಮೇಲೆ ಅಣ್ಣನೂ ತೀರಿಕೊಂಡರು. ಅಮ್ಮ ಇದ್ದಾರೆ. ಅಮ್ಮನಿಗಿಂತ ಮೊದಲೇ ಅಣ್ಣ ಹೋದದ್ದರಿಂದ ಅತ್ತಿಗೆಗೆ ಪಾಲಿಲ್ಲ ಅಂತ ಸೋದರಮಾವ ಹೇಳುತ್ತಾರೆ. ಅಮ್ಮ ಬೇಕಾದರೆ ಇಡೀ ಮನೆಯನ್ನೇ ಮಾರಬಹುದು ಅಂತ ಒಬ್ಬ ಬ್ರೋಕರ್ ಹೇಳುತ್ತಾರೆ. ಯಾವುದು ಸರಿ?
— ಓದುಗರು, ಶಿವಮೊಗ್ಗ

ಉತ್ತರ: ನೀವು ಬರೆದಿರುವ ಮಾತುಗಳ ಪ್ರಕಾರ ಇಬ್ಬರದೂ ಸರಿಯಲ್ಲ.

ಮೊದಲು ಅತ್ತಿಗೆಯವರ ವಿಷಯ. ಅಪ್ಪ ತೀರಿಕೊಂಡ ದಿನವೇ ಮೂವರಿಗೂ ಹಕ್ಕು ಹುಟ್ಟಿದೆ. ಅಮ್ಮನಿಗೆ ಜೀವಿತಾವಧಿ ಹಕ್ಕು, ನಿಮಗೂ ಅಣ್ಣನಿಗೂ ಅಮ್ಮನ ನಂತರದ ಹಕ್ಕು. ನಿಮ್ಮಿಬ್ಬರಿಗೆ ಮುಂದೂಡಿದ್ದು ಸ್ವಾಧೀನವನ್ನು ಮಾತ್ರ, ಹಕ್ಕನ್ನಲ್ಲ. ಭಾರತೀಯ ಉತ್ತರಾಧಿಕಾರ ಕಾಯ್ದೆಯ 119ನೇ ಕಲಂ ಹೇಳೋದು ಇದನ್ನೇ: ಒಬ್ಬರಿಗೆ ಜೀವಿತಾವಧಿಗೆ ಕೊಟ್ಟು ನಂತರ ಇನ್ನೊಬ್ಬರಿಗೆ ಅಂತ ಬರೆದರೆ, ವಿಲ್‌ನಲ್ಲಿ ಬೇರೆ ಉದ್ದೇಶ ಕಾಣದಿದ್ದರೆ, ಆ ಇನ್ನೊಬ್ಬರ ಹಕ್ಕು ವಿಲ್ ಬರೆದವರು ತೀರಿಕೊಂಡಾಗಲೇ ನೆಲೆಯಾಗುತ್ತದೆ. ಹಾಗೆ ನೆಲೆಯಾದದ್ದು ಅಣ್ಣನ ಸಾವಿನಿಂದ ಅಳಿಯಲಿಲ್ಲ, ಅವರ ವಾರಸುದಾರರಿಗೆ ಇಳಿಯಿತು. ಅಣ್ಣ ತಮ್ಮದೇ ವಿಲ್ ಬರೆಯದೆ ಹೋಗಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅತ್ತಿಗೆ, ಅವರ ಒಬ್ಬೊಬ್ಬ ಮಗು ಮತ್ತು ನಿಮ್ಮ ಅಮ್ಮ, ಎಲ್ಲರಿಗೂ ಸಮಪಾಲು. ಹೌದು, ತೀರಿಕೊಂಡ ಮಗನ ಆಸ್ತಿಯಲ್ಲಿ ತಾಯಿಯೂ ಮೊದಲ ವರ್ಗದ ವಾರಸುದಾರರೇ. ಇದನ್ನು ಬಹಳ ಮನೆಗಳಲ್ಲಿ ಮರೆತುಬಿಡುತ್ತಾರೆ.

ಇದೇ ವಿಲ್‌ನಲ್ಲಿ ‘ನನ್ನ ಹೆಂಡತಿಯ ನಂತರ ಆ ಹೊತ್ತಿಗೆ ಬದುಕಿರುವ ಮಗನಿಗೆ’ ಅಂತ ಇದ್ದಿದ್ದರೆ ಮಾವ ಹೇಳಿದ್ದೇ ಸರಿಯಾಗುತ್ತಿತ್ತು. ಆಗ ಅದು ಷರತ್ತಿನ ಹಕ್ಕು, ಬದುಕಿ ಉಳಿದವರಿಗಷ್ಟೇ. ಮೂರು ಪದದ ವ್ಯತ್ಯಾಸಕ್ಕೆ ಒಬ್ಬ ವಿಧವೆ, ಅವರ ಮಕ್ಕಳು ಬೀದಿಗೆ ಬರಬಹುದು. ಅದಕ್ಕೇ ಕೇಳಿಕೊಳ್ಳುತ್ತೇನೆ, ವಿಲ್‌ನ ಪ್ರತಿಯನ್ನು ಎದುರಿಗಿಟ್ಟುಕೊಂಡು ‘ನಂತರ’ ಅನ್ನುವ ಪದದ ಮುಂದೆ ಏನಿದೆ ಅಂತ ಒಂದೊಂದೇ ಅಕ್ಷರ ಓದಿ. ಬಾಯಿಮಾತಿನ ಸಾರಾಂಶ ನಂಬಬೇಡಿ.

ಇನ್ನು ಅಮ್ಮ ಮಾರುವುದು. ತಮ್ಮ ಹತ್ತಿರ ಎಷ್ಟಿದೆಯೋ ಅಷ್ಟನ್ನು ಮಾತ್ರ ಯಾರೇ ಆದರೂ ಮಾರಬಹುದು. ಅಮ್ಮ ಮನೆಯಲ್ಲಿ ವಾಸ ಮಾಡಬಹುದು, ಬಾಡಿಗೆಗೆ ಕೊಟ್ಟು ಪೂರ್ತಿ ಬಾಡಿಗೆ ತಾವೇ ಇಟ್ಟುಕೊಳ್ಳಬಹುದು, ಅದನ್ನು ನೀವು ಕೇಳುವ ಹಾಗಿಲ್ಲ. ಆದರೆ ಅವರು ಕ್ರಯಪತ್ರ ಮಾಡಿಕೊಟ್ಟರೂ ಕೊಂಡವರ ಹಕ್ಕು, ಅಣ್ಣನಿಂದ ಅಮ್ಮನಿಗೆ ಇಳಿದ ಪಾಲು ಬಿಟ್ಟರೆ, ಅಮ್ಮನ ಉಸಿರಿರುವವರೆಗೆ ಅಷ್ಟೇ. ನೀವೂ ಅಣ್ಣನ ವಾರಸುದಾರರೂ ಸೇರಿ ಸಹಿ ಹಾಕಿದರೆ ಮಾತ್ರ ಇಡೀ ಮನೆ ಕೈ ಬದಲಾಗುತ್ತದೆ. ಇಂಥ ಮನೆಯನ್ನು ಅಮ್ಮ ಒಬ್ಬರ ಕೈಯಿಂದ ಕೊಂಡವರು ಇಪ್ಪತ್ತು ವರ್ಷ ಅಲ್ಲೇ ಇದ್ದರೂ ನಿಮ್ಮ ಹಕ್ಕು ಕೊಚ್ಚಿಕೊಂಡು ಹೋಗುವುದಿಲ್ಲ, ಯಾಕೆಂದರೆ 1963ರ ಲಿಮಿಟೇಶನ್ ಕಾಯ್ದೆಯ 65ನೇ ಆರ್ಟಿಕಲ್ ಪ್ರಕಾರ ನಿಮ್ಮಂಥವರು ದಾವೆ ಹಾಕಲು ಇರುವ 12 ವರ್ಷದ ಲೆಕ್ಕ ಶುರುವಾಗುವುದೇ ನಿಮಗೆ ಸ್ವಾಧೀನ ಸಿಗಬೇಕಾದ ದಿನದಿಂದ, ಅಂದರೆ ಅಮ್ಮನ ನಂತರ.

ಒಂದು ಎಚ್ಚರಿಕೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮಿನ ಮೊದಲ ಭಾಗ, ಹೆಣ್ಣುಮಗಳ ಸ್ವಾಧೀನದಲ್ಲಿರುವ ಆಸ್ತಿಗೆ ಅವಳೇ ಪೂರ್ಣ ಒಡತಿ ಅನ್ನುತ್ತದೆ. ಎರಡನೇ ಭಾಗ, ವಿಲ್ ಅಥವಾ ದಾನಪತ್ರದಲ್ಲೇ ಹಕ್ಕನ್ನು ಮಿತಿಗೊಳಿಸಿದ್ದರೆ ಆ ಮಿತಿ ಉಳಿಯುತ್ತದೆ ಅನ್ನುತ್ತದೆ. 1977ರ ತುಳಸಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದಂಥ ಮೊದಲೇ ಇದ್ದ ಹಕ್ಕಿಗೆ ಬದಲಾಗಿ ಆಸ್ತಿ ಕೊಟ್ಟಿದ್ದರೆ ಕಾಗದದಲ್ಲಿ ಮಿತಿ ಬರೆದಿದ್ದರೂ ಆಕೆ ಪೂರ್ಣ ಒಡತಿಯೇ ಅಂದಿತು. ಆಮೇಲಿನ ತೀರ್ಪುಗಳು ಒಂದೇ ದಿಕ್ಕಿನಲ್ಲಿ ಇಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಈ ಗೊಂದಲ ಬಗೆಹರಿಯಲಿ ಅಂತ ವಿಷಯವನ್ನು ದೊಡ್ಡ ಪೀಠಕ್ಕೆ ಕಳಿಸಿದರು. ನಿಮ್ಮ ಅಪ್ಪನ ವಿಲ್‌ನಲ್ಲಿ ‘ಆಕೆಯ ಜೀವನೋಪಾಯಕ್ಕಾಗಿ’ ಅನ್ನುವಂಥ ಮಾತಿದ್ದರೆ ಅದನ್ನು ವಕೀಲರಿಗೆ ತಪ್ಪದೆ ತೋರಿಸಿ. ಬ್ರೋಕರ್ ಮಾತಿನಲ್ಲಿ ಸ್ವಲ್ಪ ಹುರುಳು ಇರಬಹುದಾದ ಜಾಗ ಇದೊಂದೇ.

ಕೊಳ್ಳುವವರಿಗೂ ಒಂದು ಮಾತು: ಇ.ಸಿ. (ಋಣಭಾರ ಪ್ರಮಾಣಪತ್ರ) ಕ್ಲೀನ್ ಇದೆ ಅಂತ ಧೈರ್ಯ ಮಾಡಬೇಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯ, ದಾನ, ಅಡಮಾನ ಎಲ್ಲ ದಾಖಲಾಗುವುದು 1ನೇ ಪುಸ್ತಕದಲ್ಲಿ. ವಿಲ್ ರಿಜಿಸ್ಟರ್ ಮಾಡಿಸಿದ್ದರೂ ಅದು ಹೋಗುವುದು 3ನೇ ಪುಸ್ತಕಕ್ಕೆ. ಇ.ಸಿ.ಯಲ್ಲಿ ವಿಲ್ ಕಾಣುವುದೇ ಇಲ್ಲ. ವಿಧವೆಯೊಬ್ಬರು ಮಾರುತ್ತಿದ್ದಾರೆ ಅಂದರೆ, ಗಂಡನ ವಿಲ್ ಇದೆಯಾ ಅಂತ ಬಾಯಿಬಿಟ್ಟು ಕೇಳಿ.

ಪ್ರಶ್ನೆ: ನಮ್ಮ ತಾತ ಊರ ಶಾಲೆಗೆ ಅರ್ಧ ಎಕರೆ ದಾನ ಕೊಟ್ಟಿದ್ದರು. ಮಕ್ಕಳಿಲ್ಲದೆ ಶಾಲೆ ಮುಚ್ಚಿದೆ. ಅಲ್ಲಿ ಬೇರೆ ಕಟ್ಟಡ ಕಟ್ಟುವ ಮಾತು ನಡೀತಿದೆ. ಜಾಗ ನಮಗೆ ವಾಪಸ್ ಬರಬೇಕಲ್ವಾ?
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ದಾನಪತ್ರ ಹೇಳಿದರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ‘ಶಾಲೆಯ ಉಪಯೋಗಕ್ಕಾಗಿ ದಾನ ಕೊಟ್ಟಿರುತ್ತೇನೆ’ ಅಂತ ಮಾತ್ರ ಇದ್ದರೆ ಅದು ತಾತನ ಮನಸ್ಸಿನ ಆಸೆ, ಅಷ್ಟರಿಂದ ಜಮೀನು ಹಿಂದೆ ಬರುವುದು ಕಷ್ಟ. ‘ಶಾಲೆ ನಡೆಯದೆ ಹೋದಲ್ಲಿ ನನಗೆ ಅಥವಾ ನನ್ನ ವಾರಸುದಾರರಿಗೆ ವಾಪಸ್ ಸೇರತಕ್ಕದ್ದು’ ಅಂತ ಇದ್ದರೆ ಕಥೆ ಬೇರೆ. ಅಂಥ ಷರತ್ತಿಗೆ ಆಸ್ತಿ ವರ್ಗಾವಣೆ ಕಾಯ್ದೆಯ 31 ಮತ್ತು 126ನೇ ಕಲಮುಗಳಲ್ಲಿ ಜಾಗವಿದೆ.

ಇಂಥದ್ದೇ ಜಗಳ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಆಗಿತ್ತು, ಅಲ್ಲಿನ ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಮಾರೆನ್‌ಹೋಲ್ಜ್ ಪ್ರಕರಣ. 1941ರಲ್ಲಿ ಒಂದು ದಂಪತಿ ಒಂದೂವರೆ ಎಕರೆಯನ್ನು ಶಾಲೆಗೆ ಬರೆದುಕೊಟ್ಟರು: ಶಾಲೆಯ ಉದ್ದೇಶಕ್ಕೆ ಮಾತ್ರ, ಇಲ್ಲದಿದ್ದರೆ ಕೊಟ್ಟವರಿಗೇ ವಾಪಸ್. 1973ರಲ್ಲಿ ಪಾಠ ನಿಂತಿತು, ಕಟ್ಟಡ ಸಾಮಾನು ತುಂಬಿಡುವ ಗೋದಾಮಾಯಿತು. ಕೋರ್ಟಿನ ಮುಂದಿದ್ದ ಪ್ರಶ್ನೆ, ಉದ್ದೇಶ ಮುಗಿದ ಕ್ಷಣದಲ್ಲೇ ಜಮೀನು ತಾನಾಗಿ ವಾಪಸ್ ಬರುತ್ತದಾ, ಅಥವಾ ವಾರಸುದಾರ ಎದ್ದು ನಿಂತು ನನಗೆ ಕೊಡಿ ಅಂತ ಕೇಳಿದ ಮೇಲೆ ಬರುತ್ತದಾ? 1981ರಲ್ಲಿ ಮೇಲ್ಮನವಿ ಕೋರ್ಟು, ‘ಮಾತ್ರ’ ಅನ್ನುವ ಮಾತಿನ ಬಲದಿಂದ ಇದು ತಾನಾಗಿ ವಾಪಸ್ ಬರುವ ಬಗೆಯದು ಅಂತ ಹೇಳಿತು. ಆದರೆ ಸಾಮಾನು ಇಡುವುದೂ ಶಾಲೆಯ ಉದ್ದೇಶವೇ ಅಲ್ವಾ ಅನ್ನೋದನ್ನು ಕೆಳಕೋರ್ಟು ವಿಚಾರಿಸಲಿ ಅಂತ ವಾಪಸ್ ಕಳಿಸಿತು.

ನಿಮಗೂ ಅದೇ ಪ್ರಶ್ನೆ ಎದುರಾಗುತ್ತದೆ. ಅಂಗನವಾಡಿಯೋ ಗ್ರಂಥಾಲಯವೋ ಬಂದರೆ ಷರತ್ತು ಮುರಿಯಿತು ಅನ್ನಬಹುದಾ? ನನ್ನನ್ನು ಕೇಳಿದರೆ, ತಾತ ಮಕ್ಕಳ ಓದಿಗೆ ಕೊಟ್ಟ ಜಾಗದಲ್ಲಿ ಮಕ್ಕಳ ಕೆಲಸವೇ ಆಗುವುದಾದರೆ ಕೋರ್ಟಿಗೆ ಹೋಗಬೇಡಿ. ಅಂಗಡಿ ಮಳಿಗೆ ಕಟ್ಟುತ್ತಾರೆ ಅಂದರೆ ಸುಮ್ನೆ ಕೂರಬೇಡಿ. ಷರತ್ತು ಮುರಿದ ದಿನದಿಂದ ದಾವೆಗೆ 12 ವರ್ಷ ಅಷ್ಟೇ. ದಾನಪತ್ರ ರಿಜಿಸ್ಟರೇ ಆಗಿಲ್ಲ ಅಂತಾದರೆ ಅದು ಬೇರೆಯೇ ಪ್ರಶ್ನೆ, ಆಗ ಪಹಣಿಯ ಹಳೇ ಪ್ರತಿಗಳನ್ನೆಲ್ಲ ತೆಗೆಸಿಕೊಂಡು ವಕೀಲರ ಹತ್ತಿರ ಹೋಗಿ.

ಪ್ರಶ್ನೆ: ನಾವು ಟೆಕ್ಸಾಸ್‌ನಲ್ಲಿದ್ದೇವೆ. ಲೈಫ್ ಎಸ್ಟೇಟ್ (ಜೀವಿತಾವಧಿ ಹಕ್ಕು) ಇಟ್ಟುಕೊಂಡು ಮನೆಯನ್ನು ಮಗಳ ಹೆಸರಿಗೆ ಬರೆಯಿರಿ, ಪ್ರೊಬೇಟ್ ಅಂದರೆ ವಿಲ್ ಸಾಬೀತು ಮಾಡಿಸುವ ಕೋರ್ಟಿನ ಓಡಾಟ ತಪ್ಪುತ್ತದೆ ಅಂತ ಸ್ನೇಹಿತರು ಹೇಳುತ್ತಾರೆ. ಮಾಡಬಹುದಾ? ಮೈಸೂರಿನ ಸೈಟಿಗೂ ಹೀಗೇ ಮಾಡಬಹುದಾ?
— ಓದುಗರು, ಡಲ್ಲಾಸ್

ಉತ್ತರ: ಪ್ರೊಬೇಟ್ ತಪ್ಪುವುದು ನಿಜ. ಆದರೆ ಸಾಮಾನ್ಯ ಲೈಫ್ ಎಸ್ಟೇಟ್ ಡೀಡ್ ಬರೆದರೆ ಮಗಳ ಮುಂದಿನ ಹಕ್ಕು ಇವತ್ತೇ ಅವಳದಾಗುತ್ತದೆ. ನಾಳೆ ಮನೆ ಮಾರಿ ಚಿಕ್ಕದಕ್ಕೆ ಹೋಗೋಣ ಅಂದರೆ ಅವಳ ಸಹಿ ಬೇಕು. ಅವಳ ಮೇಲೆ ಸಾಲದ ತೀರ್ಪಾದರೆ ಸಾಲ ಕೊಟ್ಟವರು ಆ ಹಕ್ಕಿನ ಮೇಲೆ ಕಣ್ಣು ಹಾಕಬಹುದು. ನಿಮ್ಮ ರಾಜ್ಯದಲ್ಲಿ ಇದಕ್ಕೆ ಎರಡು ದಾರಿ ಇವೆ. ಒಂದು, ಲೇಡಿ ಬರ್ಡ್ ಡೀಡ್ ಅನ್ನುವ ಪತ್ರ, ಅದರಲ್ಲಿ ಮಗಳನ್ನು ಕೇಳದೆಯೇ ಮಾರುವ, ಮನಸ್ಸು ಬದಲಾಯಿಸುವ ಅಧಿಕಾರ ನಿಮ್ಮ ಹತ್ತಿರವೇ ಉಳಿಯುತ್ತದೆ. ಇನ್ನೊಂದು, 2015ರಿಂದ ಇರುವ ಟ್ರಾನ್ಸ್‌ಫರ್ ಆನ್ ಡೆತ್ ಡೀಡ್, ಅಂದರೆ ನಿಮ್ಮ ನಂತರವಷ್ಟೇ ಹಕ್ಕು ದಾಟಿಸುವ ಪತ್ರ. ಅಲ್ಲಿನ ವಕೀಲರನ್ನು ಈ ಎರಡರ ಹೆಸರು ಹಿಡಿದೇ ಕೇಳಿ.

ಮೈಸೂರಿನ ಸೈಟಿಗೆ ಆ ಪತ್ರಗಳು ನಡೆಯುವುದಿಲ್ಲ. ನೆಲ ಎಲ್ಲಿದೆಯೋ ಅಲ್ಲಿನ ಕಾನೂನು. ಇಲ್ಲಿ ಜೀವಿತಾವಧಿ ಹಕ್ಕು ಉಳಿಸಿಕೊಂಡು ದಾನಪತ್ರ ಮಾಡಬಹುದು, ಆದರೆ ರಿಜಿಸ್ಟರ್ ಆದ ಮೇಲೆ ಮನಸ್ಸು ಬದಲಾಯಿತು ಅಂತ ಹಿಂದೆ ಪಡೆಯಲಾಗದು. ಮನಸ್ಸು ಬದಲಾಗಬಹುದು ಅನ್ನಿಸಿದರೆ ವಿಲ್ ಸಾಕು.

ಪ್ರಶ್ನೆ: ಎಲ್‌ಎಲ್‌ಬಿ ಓದುತ್ತಿದ್ದೇನೆ. ಫೀ ಸಿಂಪಲ್, ಫೀ ಟೇಲ್, ಪರ್ಪೆಚುಯಿಟಿ ಅಂತೆಲ್ಲ ಇಂಗ್ಲೆಂಡಿನ ಹಳೇ ವಿಷಯ ನಮಗೆ ಯಾಕೆ?
— ಓದುಗರು, ಧಾರವಾಡ

ಉತ್ತರ: ನಮ್ಮ 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಬೇರು ಅಲ್ಲಿದೆ, ಅದಕ್ಕೆ. ಫೀ ಸಿಂಪಲ್ ಅಂದರೆ ಕೊನೆ ಇಲ್ಲದ ಪೂರ್ಣ ಒಡೆತನ. ಫೀ ಟೇಲ್ ಅಂದರೆ ವಂಶದ ಸಾಲಿನಲ್ಲೇ ಕಟ್ಟಿಹಾಕಿದ ಒಡೆತನ, 1285ರ ಶಾಸನದಿಂದ ಅದಕ್ಕೆ ಬಲ ಬಂತು. ಪರ್ಪೆಚುಯಿಟಿ ಅಂದರೆ ಆಸ್ತಿಯನ್ನು ತಲೆಮಾರುಗಳ ಆಚೆಗೂ ಕಟ್ಟಿಹಾಕುವುದು.

ಫೀ ಟೇಲ್ ಅನ್ನು ಇಲ್ಲಿಗೆ ತರಲು ಹೊರಟವರು ಕಲ್ಕತ್ತೆಯ ಪ್ರಸನ್ನ ಕುಮಾರ ಟ್ಯಾಗೋರ್. ಮಗ ಜ್ಞಾನೇಂದ್ರ ಮೋಹನ್ ಕ್ರೈಸ್ತರಾಗಿದ್ದರು. ಅವರಿಗೆ ಏನೂ ಬಿಡದೆ, ತಮ್ಮ ಸೋದರನ ಮಗ ಜತೀಂದ್ರ ಮೋಹನ್‌ಗೆ ಜೀವಿತಾವಧಿಗೆ, ನಂತರ ಗಂಡುಸಂತಾನದ ಸಾಲಿಗೆ ಅಂತ ವಿಲ್ ಬರೆದರು. 1872ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟು), ಜತೀಂದ್ರರ ಜೀವಿತಾವಧಿ ಹಕ್ಕನ್ನು ಉಳಿಸಿ ಅದರ ಮುಂದಿನ ಸಾಲನ್ನೆಲ್ಲ ಹೊಡೆದುಹಾಕಿತು. ಹಿಂದೂ ಕಾನೂನಿಗೆ ಗೊತ್ತಿಲ್ಲದ ಬಗೆಯ ವಾರಸಿಕೆಯನ್ನು ಒಬ್ಬ ವ್ಯಕ್ತಿ ಸೃಷ್ಟಿಸಲಾಗದು ಅಂತ. ಹಾಗಾಗಿ ಜತೀಂದ್ರರ ನಂತರದ ಹಕ್ಕು ಯಾರಿಗೆ ಹೋಯಿತು? ವಾರಸುದಾರನಿಗೆ, ಅಂದರೆ ಅಪ್ಪ ದೂರ ಇಟ್ಟಿದ್ದ ಅದೇ ಮಗನಿಗೆ. ಬರೆದದ್ದು ಬಿದ್ದುಹೋದರೆ ಉಳಿದದ್ದು ಕಾನೂನಿನ ವಾರಸುದಾರನಿಗೆ ಅನ್ನುವ ತತ್ವಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಗೊತ್ತಿಲ್ಲ.

ಇಂಗ್ಲೆಂಡ್ ಈಗ ಎಲ್ಲೋ ಹೋಗಿದೆ. 1997ರಿಂದ ಅಲ್ಲಿ ಹೊಸ ಫೀ ಟೇಲ್ ಹುಟ್ಟುವುದಿಲ್ಲ, 2009ರ ಕಾಯ್ದೆ ಪರ್ಪೆಚುಯಿಟಿಗೆ 125 ವರ್ಷದ ಗಡುವು ಇಟ್ಟಿತು. ನಮ್ಮ ಆಸ್ತಿ ವರ್ಗಾವಣೆ ಕಾಯ್ದೆಯ 14ನೇ ಕಲಮಿನಲ್ಲಿ ಈಗಲೂ ಹಳೆಯ ಲೆಕ್ಕ: ಈಗ ಬದುಕಿರುವವರ ಆಯುಸ್ಸು, ಅದರ ಮೇಲೆ ಅಷ್ಟರೊಳಗೆ ಹುಟ್ಟಿದ ಮಗುವಿಗೆ 18 ತುಂಬುವವರೆಗೆ. 13ನೇ ಕಲಂ ಇನ್ನೂ ಬಿಗಿ. ಹುಟ್ಟದ ಮಗುವಿಗೆ ಕೊಡುವುದಾದರೆ ಉಳಿದ ಹಕ್ಕನ್ನೆಲ್ಲ ಕೊಡಬೇಕು, ಬರೀ ಜೀವಿತಾವಧಿಗೆ ಕೊಟ್ಟರೆ ನಿಲ್ಲದು. ಈ ಎರಡು ಕಲಂಗಳನ್ನು ನಿಮ್ಮ ಮನೆಯವರ ಹೆಸರು ಹಾಕಿಕೊಂಡು, ಯಾರು ಬದುಕಿದ್ದಾರೆ, ಯಾರು ಇನ್ನೂ ಹುಟ್ಟಿಲ್ಲ ಅಂತ ಹಾಳೆಯ ಮೇಲೆ ಬರೆದು ಓದಿ. ಬೇಗ ಕೈಗೆ ಹತ್ತುತ್ತದೆ.

ಪ್ರಶ್ನೆ: ದೊಡ್ಡಪ್ಪ ನನಗೆ ಸೈಟು ದಾನ ಕೊಟ್ಟರು. ಪತ್ರದಲ್ಲಿ ‘ಎಂದಿಗೂ ಯಾರಿಗೂ ಮಾರಕೂಡದು’ ಅಂತ ಇದೆ. ಬ್ಯಾಂಕಿನವರು ಸಾಲಕ್ಕೆ ಹಿಂದೆಮುಂದೆ ನೋಡುತ್ತಿದ್ದಾರೆ.
— ಓದುಗರು, ಮಂಡ್ಯ

ಉತ್ತರ: ಪೂರ್ಣ ಒಡೆತನ ಕೊಟ್ಟು ಎಂದಿಗೂ ಮಾರಕೂಡದು ಅಂದರೆ ಆ ಷರತ್ತು ಆಸ್ತಿ ವರ್ಗಾವಣೆ ಕಾಯ್ದೆಯ 10ನೇ ಕಲಮಿನಂತೆ ಅನೂರ್ಜಿತ. ದಾನ ಉಳಿಯುತ್ತದೆ, ಷರತ್ತು ಬೀಳುತ್ತದೆ. ಆದರೆ ‘ನನ್ನನ್ನು ಕೊನೆಯವರೆಗೆ ನೋಡಿಕೊಳ್ಳತಕ್ಕದ್ದು’ ಅಂತಲೂ ಬರೆದಿದ್ದರೆ ಅದು ಬೀಳುವ ಷರತ್ತಲ್ಲ. ನೀವು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಕೆಳಗೆ ದೊಡ್ಡಪ್ಪ ದಾನವನ್ನೇ ರದ್ದು ಮಾಡಿಸಬಹುದು. ಬ್ಯಾಂಕಿನ ವಕೀಲರು ಹೆದರುತ್ತಿರುವುದು ಇದಕ್ಕೂ ಇರಬಹುದು. ದಾನಪತ್ರದ ದೃಢೀಕೃತ ನಕಲು ತೆಗೆಸಿ, ಎರಡು ಷರತ್ತಿನಲ್ಲಿ ಯಾವುದು ತೊಡಕು ಅಂತ ಅವರಿಂದ ಬರಹದಲ್ಲಿ ಕೇಳಿ. ಎರಡನೆಯದಾದರೆ ದೊಡ್ಡಪ್ಪನನ್ನೂ ಬ್ಯಾಂಕಿಗೆ ಕರೆದುಕೊಂಡು ಹೋಗಿ, ಅವರ ಒಪ್ಪಿಗೆ ಪತ್ರ ಸಾಕಾಗುತ್ತದಾ ಅಂತ ವಿಚಾರಿಸಿ.